ಮೂಳೆ ಕೂಡಿದ ಮೇಲೆ

ಮುರಿದ ಕೈಕಾಲಿಗೆ ವ್ಯಾಯಾಮ ಬೇಕೆಂಬುದನ್ನು ಎಲ್ಲರೂ ಬಲ್ಲರು. ಮುರಿದ ದವಡೆಗೂ ಬೇಕೆಂದರೆ ಮಾತ್ರ ಹುಬ್ಬೇರಿಸುತ್ತಾರೆ. ಈ ಮರೆವಿಗೊಂದು ಇತಿಹಾಸವೇ ಇದೆಯೆಂದು ನನ್ನ ಎಣಿಕೆ.

ಸುಶ್ರುತಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯದಲ್ಲಿ, ಪೆಟ್ಟು ತಿಂದ ಕೈಗೆ ಮೊದಲು ಮಣ್ಣಿನ ಉಂಡೆ, ಆಮೇಲೆ ಉಪ್ಪಿನ ಗಟ್ಟಿ, ಬಲ ಬಂದ ಮೇಲೆ ಕಲ್ಲು ಹಿಡಿಸಬೇಕೆಂದು ವಿಧಿಸಿದೆ. ಹಂತಹಂತದ ಸಾಧನೆಯನ್ನು ಇಷ್ಟು ಚೆನ್ನಾಗಿ ಬಲ್ಲ ಆಚಾರ್ಯನು ಕೀಲು ತಪ್ಪಿದ ದವಡೆಗೆ ಅಲ್ಲಿ ಹೇಳುವುದು ಶಾಖ, ಕಟ್ಟು, ನಸ್ಯಗಳನ್ನು.

ಮುಖದ ಶಸ್ತ್ರವೈದ್ಯದ ಚರಿತ್ರೆಯಲ್ಲಿ ನಮ್ಮ ನಾಡಿನ ಹೆಸರೂ ಉಂಟು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಗಾಡಿಯಾಳು ಕಾವಸ್‌ಜಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆದರೆ ಮೂಗನ್ನು ಕಟ್ಟಿ ಕೂರಿಸಿದರೆ ಸಾಕು. ದವಡೆಯೋ, ಹಗಲೆಲ್ಲ ದುಡಿಯಬೇಕಾದ ಅಂಗ.

ಆ ಪಾಠವನ್ನು ವ್ಯಾಪಕವಾಗಿ ಕಲಿಸಿದ್ದು 1914–18ರ ಮಹಾಯುದ್ಧ. ಕಂದಕದಿಂದ ತಲೆಯೆತ್ತಿದವರ ಮುಖಗಳೇ ಗುಂಡಿಗೆ ಗುರಿಯಾದವು. 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಹ್ಯಾರಲ್ಡ್ ಗಿಲ್ಲೀಸರ ನೇತೃತ್ವದಲ್ಲಿ ಮುಖದ ಗಾಯಗಳಿಗಾಗಿಯೇ ಆಸ್ಪತ್ರೆ ತೆರೆಯಿತು. ಫ್ರಾನ್ಸಿನಲ್ಲಿ, ಮೂಳೆ ಕೂಡಿದರೂ ಬಾಯಿ ಬಿಡಲಾರದವರಿಗೆ ಬೆಣೆ, ಸ್ಪ್ರಿಂಗುಗಳಿಂದ ದಿನವೂ ಅಷ್ಟಷ್ಟೇ ದವಡೆ ತೆರೆಸುವ ಸಾಧನೆ ಮಾಡಿಸಿದರು.

ತುಮಕೂರಿನಿಂದ ಸಿರಾ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಕೋರದವರಿಗೆ ಇದು ದೂರದ ಕಥೆಯಲ್ಲ. ಮೋಟಾರು ಸೈಕಲ್ಲಿನಿಂದ ಬಿದ್ದವರ ಹಲ್ಲುಗಳನ್ನು ತಂತಿಯಿಂದ ಬಿಗಿದರೆ ನಾಲ್ಕಾರು ವಾರ ಗಂಜಿ, ಅಂಬಲಿಯೇ ಗತಿ. ತಂತಿ ಬಿಚ್ಚಿದ ದಿನ ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಮುದ್ದೆಯನ್ನು ಅಗಿಯದೆ ನುಂಗುವ ಸೀಮೆ ನಮ್ಮದು. ದವಡೆ ಬಿಗಿದುಕೊಂಡದ್ದು ಬೇಗನೆ ತಿಳಿಯುವುದೂ ಇಲ್ಲ.

ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರು, ಅಂದರೆ ತಮ್ಮದೇ ಮೂರು ಬೆರಳು ಹಿಡಿಸುವಷ್ಟು, ತೆರೆಯಬೇಕು. ವೈದ್ಯರು ಅಪ್ಪಣೆ ಕೊಟ್ಟ ದಿನದಿಂದ ಬಾಯಿ ತೆರೆದು ಮುಚ್ಚುವುದು, ದವಡೆಯನ್ನು ಅತ್ತಿತ್ತ ಸರಿಸುವುದು, ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸುವುದು, ಇವೇ ಸಾಧನೆ. ಮಣ್ಣಿನುಂಡೆಯಿಂದ ಕಲ್ಲಿಗೆ ಏರಿದ ಸುಶ್ರುತನ ಕ್ರಮವೇ ಇದು! ಇದರಲ್ಲಿ ಮಕ್ಕಳ ವಿಷಯ ಇನ್ನೂ ಗಹನ. ಗದ್ದ ಬಡಿದು ಬಿದ್ದ ಮಗುವಿಗೆ ಕಿವಿಯ ಮುಂದಿನ ಕೀಲು ಮುರಿದು, ಆಡದೆ ಉಳಿದರೆ, ಮೂಳೆ ಬೆಸೆದುಕೊಂಡು ಬಾಯಿ ತೆರೆಯದಂತಾದೀತು. ಮುಖದ ಬೆಳವಣಿಗೆಯೂ ಕುಂಠಿತವಾದೀತು.

ದವಡೆ ಮುರಿದವರನ್ನು ನೋಡಲು ಹಣ್ಣುಹಂಪಲು ಹಿಡಿದು ಹೋಗುತ್ತೇವೆ. ಹೋದಾಗ "ನೋವು ಹೇಗಿದೆ?" ಎಂದಷ್ಟೇ ಕೇಳದೆ, "ಬಾಯಿ ಎಷ್ಟು ಬೆರಳು ತೆರೆಯುತ್ತೆ?" ಎಂದೂ ಕೇಳೋಣ.