ಗ್ರಂಥಾಲಯದ ಬೀಗದ ಕೈ

ಗ್ರಂಥಭಂಡಾರವನ್ನು ಕಾಯುವವರಿಗೆ ಗ್ರಂಥಗಳನ್ನು ರಕ್ಷಿಸುವ ಹೊಣೆಯುಂಟು. ಆದರೆ ಪರರ ಓದಿನ ಮೇಲೆ ಅವರಿಗೆ ಒಡೆತನವುಂಟೆ? ಒಂದು ಶಾಲಾ ಗ್ರಂಥಾಲಯದ ನಿಮಿತ್ತದಿಂದ ಈ ಪ್ರಶ್ನೆಯು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಶಾಲಾ ಆಡಳಿತ ಮಂಡಳಿಯ ಮೂವರು ಸದಸ್ಯರು 1975ರ ಸೆಪ್ಟೆಂಬರಿನಲ್ಲಿ ಪಾಲಕರ ಸಂಘಟನೆಯೊಂದರ ಸಮ್ಮೇಳನಕ್ಕೆ ಹೋಗಿ, ಆಕ್ಷೇಪಾರ್ಹವೆನ್ನಲಾದ ಪುಸ್ತಕಗಳ ಪಟ್ಟಿಯನ್ನು ತಂದರು. ನವೆಂಬರ್ 7ರ ರಾತ್ರಿ ಅವರಲ್ಲಿಬ್ಬರು ಜವಾನನಿಂದ ಗ್ರಂಥಾಲಯದ ಬಾಗಿಲು ತೆರೆಯಿಸಿ, ಅಲ್ಲಿಯ ಗ್ರಂಥಸೂಚಿಯನ್ನು ಆ ಪಟ್ಟಿಯೊಡನೆ ತಾಳೆ ನೋಡಿದರು. ಒಟ್ಟು 11 ಪುಸ್ತಕಗಳು ಸಂಶಯಕ್ಕೆ ಒಳಗಾದವು. ಪುಲಿಟ್ಜರ್ ಪ್ರಶಸ್ತಿ ಪಡೆದ ಬರ್ನಾರ್ಡ್ ಮಾಲಮಡ್ ಅವರ ಕಾದಂಬರಿಯೂ, ಕರಿಯ ಲೇಖಕ ರಿಚರ್ಡ್ ರೈಟ್ ಅವರ ಆತ್ಮಕಥೆಯೂ ಅವುಗಳಲ್ಲಿದ್ದವು.

ಮಂಡಳಿಯು ನಾಲ್ವರು ಪಾಲಕರು ಮತ್ತು ನಾಲ್ವರು ಶಾಲಾ ಸಿಬ್ಬಂದಿಯ ಸಮಿತಿಯನ್ನು ನೇಮಿಸಿತು. ಸಮಿತಿಯು ಐದು ಪುಸ್ತಕಗಳನ್ನು ಉಳಿಸಬೇಕೆಂದೂ ಎರಡನ್ನು ತೆಗೆಯಬೇಕೆಂದೂ ಹೇಳಿತು. ಉಳಿದವುಗಳಲ್ಲಿ ಒಂದನ್ನು ಪಾಲಕರ ಒಪ್ಪಿಗೆಯಿದ್ದರೆ ಕೊಡಬಹುದೆಂದಿತು, ಕೆಲವುಗಳ ಬಗ್ಗೆ ಒಮ್ಮತಕ್ಕೆ ಬರಲಾರದೆ ಹೋಯಿತು. ಮಂಡಳಿಯಾದರೋ ಒಂದನ್ನು ಮಾತ್ರ ನಿರ್ಬಂಧವಿಲ್ಲದೆ ಮರಳಿಸಿ, ಇನ್ನೊಂದಕ್ಕೆ ಪಾಲಕರ ಒಪ್ಪಿಗೆಯ ಷರತ್ತು ವಿಧಿಸಿ, ಒಂಬತ್ತನ್ನು ಹೊರಗಿಟ್ಟಿತು. ತಾನೇ ನೇಮಿಸಿದ ಸಮಿತಿಯ ಮಾತನ್ನು ತಳ್ಳಿಹಾಕಿದ್ದಕ್ಕೆ ಕಾರಣವನ್ನೂ ಕೊಡಲಿಲ್ಲ.

1977ರ ಜನವರಿಯಲ್ಲಿ ಸ್ಟೀವನ್ ಪೀಕೊ ಮೊದಲಾದ ಐವರು ವಿದ್ಯಾರ್ಥಿಗಳು ದಾವೆ ಹೂಡಿದರು. 1982ರ ಜೂನ್ 25ರಂದು ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ಅವರ ದಾವೆಯನ್ನು ಎತ್ತಿಹಿಡಿದು, ವಿಚಾರಣೆ ನಡೆಯಬೇಕೆಂದಿತು. ಕಲಿಕೆಗೆ ತಕ್ಕುದಲ್ಲದ ಪುಸ್ತಕವನ್ನು ತೆಗೆಯಬಹುದು. ಅದರೊಳಗಿನ ವಿಚಾರ ತಮಗೆ ಸೇರದೆಂಬ ಕಾರಣಕ್ಕೇ ತೆಗೆಯಲಾಗದು ಎಂದು ನ್ಯಾಯಮೂರ್ತಿ ಬ್ರೆನನ್ ಅಭಿಪ್ರಾಯಪಟ್ಟರು. ಆ ಅಭಿಪ್ರಾಯಕ್ಕೆ ಪೂರ್ಣ ಬಹುಮತ ದೊರೆಯಲಿಲ್ಲ. ಚುನಾಯಿತ ಮಂಡಳಿಯ ನಿರ್ಣಯದಲ್ಲಿ ನ್ಯಾಯಾಲಯ ಕೈಯಿಡಬಾರದೆಂಬುದು ಭಿನ್ನಮತದವರ ವಾದ. ವಿಚಾರಣೆಯನ್ನು ಎದುರಿಸುವ ಬದಲು ಆ ವರ್ಷದ ಆಗಸ್ಟಿನಲ್ಲಿ ಪುಸ್ತಕಗಳನ್ನು ಮರಳಿಸಲು ಮಂಡಳಿಯೇ ತೀರ್ಮಾನಿಸಿತು. ಅಷ್ಟರಲ್ಲಿ ಪೀಕೊ ಶಾಲೆ ಬಿಟ್ಟು ವರ್ಷಗಳೇ ಕಳೆದಿದ್ದವು.

ಮಂಡಳಿಯ ಸದಸ್ಯರು ದುರ್ಜನರಾಗಿರಲಿಲ್ಲ; ಮಕ್ಕಳನ್ನು ಕೇಡಿನಿಂದ ಕಾಪಾಡುವುದೇ ತಮ್ಮ ಕರ್ತವ್ಯವೆಂದು ಅವರು ನಂಬಿದ್ದರು. ತೊಡಕಿರುವುದೂ ಅಲ್ಲಿಯೇ. ಸದುದ್ದೇಶವು ವಿಚಾರಣೆಯ ಸ್ಥಾನವನ್ನು ಆಕ್ರಮಿಸಿದಾಗ ಅಧಿಕಾರಕ್ಕೆ ಕಡಿವಾಣವಿರದು. ಶಾಲೆಯದಾಗಲಿ ಸಾರ್ವಜನಿಕರದಾಗಲಿ, ಗ್ರಂಥಾಲಯದ ಹೊಣೆ ಹೊತ್ತವರು ಆಕ್ಷೇಪ ಬಂದ ಪುಸ್ತಕವನ್ನು ಮೊದಲು ಆದ್ಯಂತ ಓದಬೇಕು; ಭಿನ್ನಾಭಿಪ್ರಾಯವನ್ನು ಆಲಿಸಬೇಕು; ನಿರ್ಣಯದ ಕಾರಣವನ್ನು ಬರೆದಿಡಬೇಕು. ಬೀಗದ ಕೈ ಅವರ ವಶದಲ್ಲಿರುವುದು ಬಾಗಿಲನ್ನು ಹಗಲಿನಲ್ಲಿ ಓದುಗರಿಗಾಗಿ ತೆರೆಯಲೆಂದೇ.