ನಾಯಿಕೆಮ್ಮಿಗೆ ಕಡಿವಾಣ ಹಾಕಿದವರು

ಮಗುವಿಗೆ ಕೆಮ್ಮು ಬಂದರೆ ಮನೆಯ ಹಿರಿಯರಿಗೆ ಮೊದಲು ನೆನಪಾಗುವುದು ತುಳಸಿ, ದೊಡ್ಡಪತ್ರೆ. ಸಾಮಾನ್ಯ ನೆಗಡಿ, ಕೆಮ್ಮು ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಬಿಡುವಿಲ್ಲದೆ ಕೆಮ್ಮಿ, ಮುಖ ಕೆಂಪೇರಿ, ಕೊನೆಗೆ ‘ಹೂಪ್’ ಎಂದು ಉಸಿರೆಳೆದುಕೊಳ್ಳುವ ಮಗುವಿನ ಪಾಡೇ ಬೇರೆ. ಅದು ನಾಯಿಕೆಮ್ಮು. ವಾರಗಟ್ಟಲೆ ಕಾಡುವ ಈ ರೋಗ ಒಂದು ಕಾಲಕ್ಕೆ ಎಷ್ಟೋ ತೊಟ್ಟಿಲುಗಳನ್ನು ಬರಿದು ಮಾಡಿತ್ತು.

1578ರಲ್ಲಿ ಪ್ಯಾರಿಸ್ ನಗರದಲ್ಲಿ ಹಬ್ಬಿದ ಈ ಪಿಡುಗನ್ನು ವೈದ್ಯ ಗಿಯೋಮ್ ದ ಬೈಯು ವರ್ಣಿಸಿದ್ದಾರೆ. ಕಾರಣ ತಿಳಿಯಲು ಮಾತ್ರ ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಬೆಲ್ಜಿಯಂನ ಜೂಲ್ ಬೋರ್ಡೆ ಮತ್ತು ಆಕ್ಟಾವ್ ಜಾಂಗು 1906ರಲ್ಲಿ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದರು. ಅನಂತರ ಹಲವು ಲಸಿಕೆಗಳು ಬಂದವಾದರೂ ಯಾವುದರ ಗುಣವೂ ಖಚಿತವಿರಲಿಲ್ಲ.

ಆ ಕೊರತೆ ತುಂಬಿದವರು ಅಮೆರಿಕದ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಮೊದಲು ಶಾಲಾ ಶಿಕ್ಷಕಿಯರಾಗಿದ್ದ ಇವರು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಸರ್ಕಾರಿ ಪ್ರಯೋಗಾಲಯದಲ್ಲಿದ್ದರು. 1932ರಲ್ಲಿ ಅವರ ಸಂಶೋಧನೆ ಆರಂಭವಾಯಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಹಗಲಿನ ಕೆಲಸ ಮುಗಿಸಿ, ಸಂಜೆ ರೋಗಿಗಳ ಮನೆಗಳಿಗೆ ಹೋಗುತ್ತಿದ್ದರು. ಮಗು ಕೆಮ್ಮುವಾಗ ಬಾಯಿಯ ಮುಂದೆ ಗಾಜಿನ ತಟ್ಟೆ ಹಿಡಿದು ರೋಗಾಣು ಸಂಗ್ರಹಿಸುತ್ತಿದ್ದರು. ಕೆಲಸ ಕಳೆದುಕೊಂಡ ತಂದೆ, ಕಂಗೆಟ್ಟ ತಾಯಿ, ಸೀಮೆಎಣ್ಣೆ ದೀಪ: ಅವರು ಕಂಡ ಮನೆಗಳು ಇಂಥವು.

1934ರಲ್ಲಿ ಲಸಿಕೆಯ ಪರೀಕ್ಷೆ ಶುರುವಾಯಿತು. ಮೊದಲ ಲೆಕ್ಕದಲ್ಲಿ ಲಸಿಕೆ ಪಡೆದ 712 ಮಕ್ಕಳ ಪೈಕಿ ನಾಲ್ವರಿಗೆ ಮಾತ್ರ ರೋಗ ತಗುಲಿತ್ತು. ಪಡೆಯದ 880 ಮಕ್ಕಳಲ್ಲಿ 45 ಮಂದಿಗೆ. 1936ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಪ್ರಯೋಗಾಲಯಕ್ಕೆ ಭೇಟಿಯಿತ್ತ ಮೇಲೆ ಹಣದ ನೆರವೂ ದೊರೆಯಿತು. ಮುಂದೆ ಗಂಟಲಮಾರಿ, ಧನುರ್ವಾಯು ಲಸಿಕೆಗಳ ಜತೆಗೂಡಿ ಇದು ಡಿಪಿಟಿ ಆಯಿತು.

ರೋಗ ಕಣ್ಮರೆಯಾದಂತೆ ಜನರಿಗೆ ಲಸಿಕೆಯ ಬಗೆಗೇ ಭಯ ಹುಟ್ಟುವುದುಂಟು. ಜಪಾನಿನಲ್ಲಿ ಆದದ್ದು ಅದೇ. 1974ರಲ್ಲಿ ಅಲ್ಲಿ ಸುಮಾರು 400 ಪ್ರಕರಣಗಳಷ್ಟೇ ಇದ್ದವು. ಲಸಿಕೆಯ ನಂತರ ಎರಡು ಶಿಶುಗಳು ತೀರಿಕೊಂಡದ್ದರಿಂದ ಜನ ಹಿಂಜರಿದರು. 1976ರ ಹೊತ್ತಿಗೆ ಲಸಿಕೆ ಪಡೆಯುವ ಮಕ್ಕಳ ಪ್ರಮಾಣ ಶೇ 10ಕ್ಕೆ ಕುಸಿಯಿತು. 1979ರಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ರೋಗ ಬಂದು 41 ಜೀವಗಳು ಹೋದವು. 1981ರಲ್ಲಿ ಅಡ್ಡಪರಿಣಾಮ ಕಡಿಮೆಯಿರುವ ಹೊಸ ಬಗೆಯ ಲಸಿಕೆ ಬಳಕೆಗೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು.

ಭಾರತದಲ್ಲಿ 1978ರಲ್ಲಿ ಆರಂಭವಾದ ವಿಸ್ತೃತ ಲಸಿಕಾ ಕಾರ್ಯಕ್ರಮದಲ್ಲಿ ಡಿಪಿಟಿ ಸೇರಿತ್ತು. ಈಗ ಆರು, ಹತ್ತು ಮತ್ತು ಹದಿನಾಲ್ಕು ವಾರಗಳಿಗೆ ಐದು ರೋಗಗಳ ವಿರುದ್ಧದ ಪೆಂಟಾವಲೆಂಟ್ ಲಸಿಕೆ ನೀಡಲಾಗುತ್ತದೆ. ಒಂದೂವರೆ ವರ್ಷದ ಸುಮಾರಿಗೆ ಒಮ್ಮೆ, ಐದಾರು ವರ್ಷಕ್ಕೆ ಮತ್ತೊಮ್ಮೆ ಡಿಪಿಟಿ ಬೂಸ್ಟರ್ ಉಂಟು.

ತಾಯಂದಿರು ತಿಳಿದಿರಬೇಕಾದ ಮಾತೊಂದಿದೆ. ಎಳೆ ಶಿಶುಗಳಲ್ಲಿ ‘ಹೂಪ್’ ಸದ್ದು ಕೇಳದೆಯೂ ಇರಬಹುದು. ಉಸಿರೇ ಕ್ಷಣಕಾಲ ನಿಲ್ಲಬಹುದು. ಮಗು ನೀಲಿಗಟ್ಟಿದರೆ, ಎದೆ ಗುಳಿಬಿದ್ದು ಏದುಸಿರು ಬಿಟ್ಟರೆ, ಹಾಲು ಕುಡಿಯದಿದ್ದರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ. ಕೆಮ್ಮು ಬಲಿತ ಮೇಲೆ ಕೊಡುವ ಔಷಧ ರೋಗ ಹರಡುವುದನ್ನು ತಡೆದೀತೇ ಹೊರತು ಕೆಮ್ಮನ್ನು ಬೇಗ ಇಳಿಸದು. ಆದ್ದರಿಂದಲೇ ಹೊತ್ತಿಗೆ ಸರಿಯಾಗಿ ಹಾಕಿಸಿದ ಲಸಿಕೆಗೆ ಅಷ್ಟು ಬೆಲೆ.