ಹಿಮ್ಮಡಿಯ ಮುಳ್ಳು, ಪಿಲಾಟೆಸ್‌ನ ಮಂಚ

ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದ ಅನುಭವ. ನಾಲ್ಕು ಹೆಜ್ಜೆ ನಡೆದರೆ ನೋವು ತಗ್ಗುತ್ತದೆ. ಸಂಜೆಗೆ ಮತ್ತೆ ಹಾಜರು. ಈ ಬಾಧೆ ಹೊಸದೇನಲ್ಲ. ಪಾದವನ್ನು ಅಡ್ಡಾದಿಡ್ಡಿ ಊರುವುದರಿಂದ ಬರುವ ನೋವನ್ನು ಸುಶ್ರುತ ಸಂಹಿತೆ ‘ವಾತಕಂಟಕ’ ಎಂದು ಕರೆದಿದೆ. ಕಂಟಕವೆಂದರೆ ಮುಳ್ಳು. ಆಧುನಿಕ ವೈದ್ಯರೂ ಬಹುಕಾಲ ದೂರಿದ್ದು ಒಂದು ಮುಳ್ಳನ್ನೇ: ಎಕ್ಸ್-ರೇಯಲ್ಲಿ ಕಾಣುವ ಹಿಮ್ಮಡಿ ಮೂಳೆಯ ಮೊನೆಯನ್ನು. ಆದರೆ ಅಂಥ ಮೊನೆಯಿದ್ದೂ ನೋವಿಲ್ಲದವರು ಅನೇಕರು. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಬಿಗಿದಿರುವ ದಪ್ಪ ಪಟ್ಟಿ ಸವೆಯುವುದೇ ಮುಖ್ಯ ಕಾರಣವೆಂಬುದು ಇಂದಿನ ತಿಳಿವಳಿಕೆ.

ತುಮಕೂರು ರಸ್ತೆಯ ಟಿ. ದಾಸರಹಳ್ಳಿಗೆ ಇದು ದೂರದ ವಿಷಯವಲ್ಲ. ಪಕ್ಕದ ಪೀಣ್ಯದಲ್ಲಿ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಇದು ಕಾರ್ಮಿಕರ ಊರೂ ಆಯಿತು. ಲೇತ್ ಮುಂದಿನ ಕೆಲಸಗಾರರು, ಗಾರ್ಮೆಂಟ್ಸ್‌ನ ಚೆಕಿಂಗ್ ಹಾಗೂ ಇಸ್ತ್ರಿ ವಿಭಾಗದವರು ಸಿಮೆಂಟ್ ನೆಲದ ಮೇಲೆ ನಿಂತೇ ದುಡಿಯುತ್ತಾರೆ. ಗಟ್ಟಿ ನೆಲದ ಮೇಲೆ ಬಹುಹೊತ್ತು ನಿಲ್ಲುವುದು ಈ ನೋವಿಗೆ ದಾರಿ ಮಾಡಿಕೊಡುತ್ತದೆ.

ನಗರಗಳಲ್ಲಿ ಈಗ ಇದಕ್ಕೆ ಸೂಚಿಸುವ ಪರಿಹಾರಗಳಲ್ಲಿ ‘ಪಿಲಾಟೆಸ್’ ಕೂಡ ಒಂದು. ಅದು ವ್ಯಕ್ತಿಯೊಬ್ಬನ ಹೆಸರು. ಜೋಸೆಫ್ ಪಿಲಾಟೆಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ. ಬಾಲ್ಯದಲ್ಲಿ ನರಪೇತಲನಾಗಿದ್ದು ಅಂಗಸಾಧನೆಯಿಂದ ಮೈ ಕಟ್ಟಿಕೊಂಡ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಆತನನ್ನು ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ಆಸ್ಪತ್ರೆ ಮಂಚಗಳಿಗೆ ಸ್ಪ್ರಿಂಗ್ ಕಟ್ಟಿ ರೋಗಿಗಳಿಗೆ ಮಲಗಿದಲ್ಲೇ ವ್ಯಾಯಾಮ ಮಾಡಿಸಿದನೆಂಬ ಪ್ರತೀತಿಯಿದೆ. 1926ರಲ್ಲಿ ನ್ಯೂಯಾರ್ಕ್ ಸೇರಿದ. ಅಲ್ಲಿ ಪಾದವೇ ಬಂಡವಾಳವಾಗಿದ್ದ ನೃತ್ಯಗಾರರು ಆತನ ಶಿಷ್ಯರಾದರು. ಜಾರುವ ಮಂಚದ ಮೇಲೆ ಅಂಗಾತ ಮಲಗಿ, ಸ್ಪ್ರಿಂಗ್‌ಗಳ ಎಳೆತಕ್ಕೆ ಎದುರಾಗಿ ಪಾದದಿಂದ ಪಟ್ಟಿಯನ್ನು ತಳ್ಳುತ್ತ ಹಿಮ್ಮಡಿಯನ್ನು ಏರಿಸಿ ಇಳಿಸುವುದು ಈ ಪದ್ಧತಿಯ ಒಂದು ಅಭ್ಯಾಸ. ಆತ 1967ರಲ್ಲಿ ತೀರಿಕೊಂಡ. ‘ಪಿಲಾಟೆಸ್’ ಯಾರೊಬ್ಬರ ಸ್ವತ್ತೂ ಅಲ್ಲವೆಂದು 2000ದಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಹೇಳಿದ ಮೇಲೆ ಆ ಹೆಸರು ಎಲ್ಲರದಾಯಿತು.

ಹಾಗಾದರೆ ಗುಣ ಆ ಮಂಚದಲ್ಲಿದೆಯೇ? ವೈದ್ಯಕೀಯ ಸಂಶೋಧನೆ ಬೆರಳು ತೋರಿಸುವುದು ಚಲನೆಯತ್ತ. ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಬಗ್ಗಿಸಿ ಅಂಗಾಲನ್ನು ಸೆಳೆಯುವ ಅಭ್ಯಾಸ ನೆರವಾಗುತ್ತದೆಂದು 2003ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಸುತ್ತಿದ ಟವೆಲನ್ನು ಬೆರಳುಗಳಡಿ ಇಟ್ಟು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವ ಅಭ್ಯಾಸದಿಂದ ಮೂರು ತಿಂಗಳಲ್ಲಿ ಹೆಚ್ಚು ಉಪಶಮನ ಕಂಡಿತೆಂದು 2015ರಲ್ಲಿ ಡೆನ್ಮಾರ್ಕ್‌ನ ಅಧ್ಯಯನವೊಂದು ತಿಳಿಸಿತು. ಇದಕ್ಕೆ ಬೇಕಾದ ಮೆಟ್ಟಿಲು, ಟವೆಲು ದಾಸರಹಳ್ಳಿಯ ಯಾವ ವಠಾರದಲ್ಲೂ ಸಿಗುತ್ತವೆ. ಆದರೆ ತಾಳ್ಮೆ ಬೇಕು. ಬಾವು, ಜೋಮು ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು.

ವ್ಯಾಯಾಮ ಪಾದವನ್ನು ಗಟ್ಟಿಗೊಳಿಸೀತು. ಸಿಮೆಂಟ್ ನೆಲವನ್ನು ಮೆತ್ತಗಾಗಿಸದು. ನಿಂತು ದುಡಿಯುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮೇ ಹೇಳಿತ್ತು. ಹಿಮ್ಮಡಿಯ ಮದ್ದಿನಲ್ಲಿ ಆ ಸ್ಟೂಲಿಗೂ ಒಂದು ಪಾಲಿದೆ.